ಶ್ರೀಲಂಕಾದಲ್ಲಿ ತಿಮಿಂಗಿಲ ನೋಡಲು: ಮಿರಿಸ್ಸವೋ, ಟ್ರಿಂಕೊಮಲಿಯೋ, ಕಲ್ಪಿಟಿಯವೋ?

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಈಗ ಬದುಕಿರುವ ಪ್ರಾಣಿಗಳಲ್ಲೆಲ್ಲ ದೊಡ್ಡದಾದ ನೀಲಿ ತಿಮಿಂಗಿಲವನ್ನು ದೋಣಿ ಹತ್ತಿ ನೋಡಿ ನಾಲ್ಕೇ ದಿನದಲ್ಲಿ ಮನೆಗೆ ಮರಳಬಹುದು. ಹೋಗೋಣ ಎಂದು ಹೊರಟವರು ತಡವರಿಸುವುದು ಎಲ್ಲಿಗೆ ಎಂಬಲ್ಲಿ. ದಕ್ಷಿಣದಲ್ಲಿ ಮಿರಿಸ್ಸ, ಪೂರ್ವದಲ್ಲಿ ಟ್ರಿಂಕೊಮಲಿ, ವಾಯವ್ಯದಲ್ಲಿ ಕಲ್ಪಿಟಿಯ. ಮೂರೂ ಕಡೆಯವರು ಹಂಚುವ ಚಿತ್ರ ಒಂದೇ: ನೀರಿನಿಂದ ಮೇಲೆದ್ದ ಬಾಲ. ಆದರೆ ಕಡಲು ಬೇರೆ, ದೋಣಿ ಬೇರೆ, ಕಾಣುವ ಪ್ರಾಣಿಯೂ ಎಷ್ಟೋ ಸಲ ಬೇರೆ.

ಅಷ್ಟು ದೂರ ಯಾಕೆ, ನಮ್ಮ ಕಾರವಾರದಲ್ಲೇ ನೋಡಬಾರದೇ ಎನ್ನುವವರಿಗೆ ಒಂದು ಮಾತು. ಕಾರವಾರ, ದೇವಬಾಗ, ಗೋಕರ್ಣದ ಕಡೆ ಡಾಲ್ಫಿನ್ ಚೆನ್ನಾಗಿಯೇ ಕಾಣುತ್ತವೆ. ತಿಮಿಂಗಿಲಗಳೂ ನಮ್ಮ ಅರಬ್ಬಿ ಸಮುದ್ರದಲ್ಲಿವೆ, ಆಗಾಗ ಸತ್ತು ದಡಕ್ಕೆ ಬಂದ ಸುದ್ದಿ ಓದುತ್ತೇವೆ. ಆದರೆ ನಮ್ಮ ಕರಾವಳಿಯಲ್ಲಿ ಕಡಲತಳ ಬಹಳ ದೂರದವರೆಗೆ ಸಾವಕಾಶವಾಗಿ ಇಳಿಯುತ್ತದೆ, ನಿಜವಾದ ಆಳ ಸಿಗಲು ಹತ್ತಾರು ಕಿಲೋಮೀಟರ್ ಹೋಗಬೇಕು. ಶ್ರೀಲಂಕಾದ ದಕ್ಷಿಣ ತುದಿಯಲ್ಲಿ ತಳ ಕೆಲವೇ ಕಿಲೋಮೀಟರಿನಲ್ಲಿ ಪ್ರಪಾತದಂತೆ ಕುಸಿಯುತ್ತದೆ. ಆಳದ ತಂಪು ನೀರು ಮೇಲೆದ್ದು ಬರುವಲ್ಲಿ ಸಣ್ಣ ಸಿಗಡಿಗಳು ದಟ್ಟವಾಗಿ ಕೂಡುತ್ತವೆ, ತಿಮಿಂಗಿಲ ಬರುವುದು ಅವಕ್ಕಾಗಿ. ಬೆಳಿಗ್ಗೆ ಹೊರಟ ದೋಣಿ ಮಧ್ಯಾಹ್ನದ ಊಟಕ್ಕೆ ದಡ ಸೇರುವಷ್ಟು ಹತ್ತಿರದಲ್ಲಿ ಅಂಥ ಆಳ ಇರುವುದೇ ಇಲ್ಲಿನ ಭಾಗ್ಯ.

ಮೊದಲು ತಿಂಗಳು, ಆಮೇಲೆ ಊರು

ಹೆಚ್ಚಿನವರು ಊರನ್ನು ಮೊದಲು ಆರಿಸಿ, ಆಮೇಲೆ ರಜೆ ಹೊಂದಿಸುತ್ತಾರೆ. ಎಡವುವುದು ಅಲ್ಲೇ. ಶ್ರೀಲಂಕಾ ಸುತ್ತಲಿನ ನೀಲಿ ತಿಮಿಂಗಿಲಗಳು ಅಂಟಾರ್ಕ್ಟಿಕಾದ ಬಂಧುಗಳಂತೆ ಬೇಸಿಗೆಗೆ ಧ್ರುವದ ಕಡೆ, ಚಳಿಗೆ ಬಿಸಿ ನೀರಿಗೆ ಎಂದು ಅಲೆಯುವವಲ್ಲ. ಹಿಂದೂ ಮಹಾಸಾಗರದ ಉತ್ತರ ಭಾಗದ ಬೆಚ್ಚನೆಯ ನೀರಿನಲ್ಲೇ ವರ್ಷವಿಡೀ ಉಣ್ಣುವ, ಮರಿ ಹಾಕುವ ಗುಂಪು ಇದು. ಶ್ರೀಲಂಕಾದ ಕಡಲಜೀವಿ ವಿಜ್ಞಾನಿ ಆಶಾ ಡಿ ವೋಸ್ ಇವುಗಳಿಗೆ 'ಸಂಪ್ರದಾಯ ಮುರಿದ ತಿಮಿಂಗಿಲಗಳು' ಎಂಬರ್ಥದ ಹೆಸರಿಟ್ಟದ್ದು ಇದಕ್ಕೇ. ಹಾಗಾಗಿ 'ಸೀಸನ್' ಎಂಬುದು ತಿಮಿಂಗಿಲಕ್ಕಿಂತ ಹೆಚ್ಚಾಗಿ ದೋಣಿಯ ಸೀಸನ್. ಮಳೆಗಾಲದ ಗಾಳಿ ಯಾವ ದಡಕ್ಕೆ ಬಡಿಯುತ್ತದೋ ಆ ದಡದ ದೋಣಿಗಳು ಮರಳ ಮೇಲೆ ಮಲಗುತ್ತವೆ.

ನಮ್ಮ ಜೂನ್ ಮಳೆ ತರುವ ನೈಋತ್ಯ ಮಾರುತವೇ ಮಿರಿಸ್ಸ ಮತ್ತು ಕಲ್ಪಿಟಿಯಗಳಿಗೂ ಹೊಡೆಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಅಲ್ಲಿ ಕಡಲು ಒರಟು. ಅದೇ ಹೊತ್ತಿನಲ್ಲಿ ಪೂರ್ವದ ಟ್ರಿಂಕೊಮಲಿ ದ್ವೀಪದ ಮರೆಯಲ್ಲಿ ತಣ್ಣಗಿರುತ್ತದೆ. ಈಶಾನ್ಯ ಮಾರುತ ಬಂದಾಗ ಲೆಕ್ಕ ತಿರುಗುಮುರುಗು. ನಮ್ಮ ರಜೆಗಳಿಗೆ ಇದನ್ನು ಹೀಗೆ ಹೊಂದಿಸಬಹುದು.

ಕ್ರಿಸ್‌ಮಸ್, ಸಂಕ್ರಾಂತಿ, ಶಿವರಾತ್ರಿಯ ಸುತ್ತಮುತ್ತ ಹೊರಡುವುದಾದರೆ ಮಿರಿಸ್ಸ ಅಥವಾ ಕಲ್ಪಿಟಿಯ. ಫೆಬ್ರವರಿ, ಮಾರ್ಚ್ ಇವೆರಡಕ್ಕೂ ಅತ್ಯುತ್ತಮ. ಮಕ್ಕಳ ಬೇಸಿಗೆ ರಜೆಯ ಏಪ್ರಿಲ್ ಮೊದಲ ವಾರವಾದರೆ ಮಿರಿಸ್ಸದ ಕೊನೆಯ ದಿನಗಳು ಮತ್ತು ಟ್ರಿಂಕೊಮಲಿಯ ಆರಂಭ ಎರಡೂ ಸಿಗುತ್ತವೆ. ಏಪ್ರಿಲ್ 13-14ರ ಆಸುಪಾಸು ಮಾತ್ರ ಬೇಡ: ಸಿಂಹಳ ಮತ್ತು ತಮಿಳು ಹೊಸ ವರ್ಷಕ್ಕೆ ದೋಣಿಯವರು ಊರಿಗೆ ಹೋಗುತ್ತಾರೆ, ಹೋಟೆಲ್‌ಗಳು ಅಲ್ಲಿನವರಿಂದಲೇ ತುಂಬುತ್ತವೆ. ಮೇ ತಿಂಗಳಿಂದ ಆಗಸ್ಟ್ ತನಕ ಟ್ರಿಂಕೊಮಲಿ ಒಂದೇ. ದಸರಾ ರಜೆಗೆ ಹೋಗುವವರಿಗೆ ಕಟುವಾದರೂ ನಿಜ ಹೇಳಬೇಕು: ಅಕ್ಟೋಬರ್ ಎರಡು ಮಾರುತಗಳ ನಡುವಿನ ಸಂಧಿಕಾಲ, ಮೂರೂ ಕಡೆ ಭರವಸೆ ಇಲ್ಲ. ಆಗ ಅನುರಾಧಪುರ, ಕ್ಯಾಂಡಿ ನೋಡಿಕೊಂಡು ಬನ್ನಿ, ತಿಮಿಂಗಿಲವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ತಿಂಗಳು ತೀರ್ಮಾನವಾದ ಮೇಲೆ ನೋಡಬೇಕಾದವು ನಾಲ್ಕು. ಯಾವ ಪ್ರಾಣಿ ಕಾಣಬೇಕು, ಯಾವ ಗಾತ್ರದ ದೋಣಿ ನಿಮ್ಮ ಹೊಟ್ಟೆ ತಡೆದುಕೊಳ್ಳುತ್ತದೆ, ರಸ್ತೆಯಲ್ಲಿ ಎಷ್ಟು ಹೊತ್ತು ಕಳೆಯಬಲ್ಲಿರಿ, ದೋಣಿಗಳ ಗದ್ದಲ ಎಷ್ಟು ಸಹಿಸಬಲ್ಲಿರಿ. ಖರ್ಚು ಈ ನಾಲ್ಕರಿಂದಲೇ ಹುಟ್ಟುತ್ತದೆ.

ಮಿರಿಸ್ಸ: ಸುಲಭ, ಖಚಿತ, ಗದ್ದಲ

ಮೊದಲ ಸಲ ಹೋಗುವವರಲ್ಲಿ ಹೆಚ್ಚಿನವರಿಗೆ ಸರಿಹೊಂದುವುದು ಇದು. ಕೊಲಂಬೊಗೆ ಹೋಗುವ ವಿಮಾನಗಳು ಇಳಿಯುವ ಕಾಟುನಾಯಕೆಯ ನಿಲ್ದಾಣದಿಂದ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ಎರಡೂವರೆಯಿಂದ ಮೂರು ಗಂಟೆ. ಕೈ ಬಿಗಿಯಿದ್ದರೆ ಕೊಲಂಬೊ ಫೋರ್ಟ್ ನಿಲ್ದಾಣದಿಂದ ಮಾತರದ ಕಡೆ ಹೋಗುವ ರೈಲು ಹಿಡಿದು ವೆಲಿಗಾಮದಲ್ಲಿ ಇಳಿಯಿರಿ. ಅಲ್ಲಿಂದ ಆಟೊ, ಅಲ್ಲಿನವರ ಮಾತಲ್ಲಿ ಟುಕ್‌ಟುಕ್. ಆ ರೈಲು ಕಡಲ ಅಂಚಿಗೇ ಅಂಟಿಕೊಂಡು ಸಾಗುತ್ತದೆ, ಬಲಗಡೆಯ ಕಿಟಕಿ ಹಿಡಿಯಿರಿ.

ದೋಣಿಗಳು ಮಿರಿಸ್ಸದ ಮೀನುಗಾರಿಕೆ ಬಂದರಿನಿಂದ ಬೆಳಿಗ್ಗೆ ಆರೂವರೆಯ ಸುಮಾರಿಗೆ ಹೊರಟು ದೊಂಡ್ರಾ ಭೂಶಿರದ ಎದುರಿನ ಆಳಕ್ಕೆ ಹೋಗುತ್ತವೆ. ದೇಶದ ದಕ್ಷಿಣ ತುದಿ ಅದು; ಬಿಳಿಯ ದೀಪಸ್ತಂಭ ದೋಣಿಯಿಂದ ಬಹಳ ಹೊತ್ತು ಕಾಣುತ್ತಿರುತ್ತದೆ. ಹೆಚ್ಚಿನವು ಎರಡು ಅಂತಸ್ತಿನ ದೊಡ್ಡ ದೋಣಿಗಳು, ಶೌಚಾಲಯವಿದೆ, ತಿಂಡಿ ಕೊಡುತ್ತಾರೆ. ಹಂಚಿಕೆಯ ದೋಣಿಯಲ್ಲಿ ತಲೆಗೆ ಸಾಮಾನ್ಯವಾಗಿ 40ರಿಂದ 60 ಅಮೆರಿಕನ್ ಡಾಲರ್‌ವರೆಗೆ ಕೇಳುತ್ತಾರೆ. ಪ್ರವಾಸ ನಾಲ್ಕು ಗಂಟೆ. ತಿಮಿಂಗಿಲ ದೂರದಲ್ಲಿದ್ದರೆ ಐದಾರು ಗಂಟೆಯೂ ಆಗುತ್ತದೆ.

ಇಲ್ಲಿ ಕಾಣುವುದು ಮುಖ್ಯವಾಗಿ ನೀಲಿ ತಿಮಿಂಗಿಲ. ಇವುಗಳಿಗೆ ಪಿಗ್ಮಿ ನೀಲಿ ತಿಮಿಂಗಿಲ ಎಂಬ ಹೆಸರೂ ಉಂಟು. ಹೆಸರು ಕೇಳಿ ಮೂಗು ಮುರಿಯಬೇಡಿ, ಬೆಳೆದದ್ದು 20 ಮೀಟರ್ ದಾಟುತ್ತದೆ, ಎರಡು ಬಿಎಂಟಿಸಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು. ಆದರೆ ಅಷ್ಟೂ ಉದ್ದ ಒಟ್ಟಿಗೆ ಕಾಣುವುದಿಲ್ಲ. ಮೊದಲು ದೂರದಲ್ಲಿ ನೆಟ್ಟಗೆ ಮೇಲೇಳುವ ಉಸಿರಿನ ಕಾರಂಜಿ, ತೆಂಗಿನ ಮರದ ಅರ್ಧದಷ್ಟು ಎತ್ತರ. ಆಮೇಲೆ ನೀಲಿ-ಬೂದು ಬಣ್ಣದ ಬೆನ್ನು, ಚಕ್ರ ಉರುಳಿದ ಹಾಗೆ, ಮುಗಿಯಿತು ಅಂದುಕೊಂಡಷ್ಟೂ ಬರುತ್ತಲೇ ಇರುತ್ತದೆ. ಕೊನೆಗೆ ಹಿಂಭಾಗದಲ್ಲೆಲ್ಲೋ ಅಂಗೈಯಷ್ಟು ಕಾಣುವ ಚಿಕ್ಕ ಈಜುರೆಕ್ಕೆ. ಕೆಲವು ಸಲ ಉಸಿರಾಡಿ ಬೆನ್ನನ್ನು ಎತ್ತರಕ್ಕೆ ಬಾಗಿಸಿತೆಂದರೆ ಆಳಕ್ಕೆ ಹೋಗಲಿದೆ ಎಂದರ್ಥ, ಬಾಲ ಏಳುವುದು ಆಗಲೇ. ಕ್ಯಾಮೆರಾ ಆ ಬಾಗು ಕಂಡ ಕೂಡಲೇ ಸಿದ್ಧವಾಗಬೇಕು. ಬಾಲ ಕಂಡ ಮೇಲೆ ಎತ್ತಿದರೆ ಸಿಗುವುದು ಬರೀ ನೀರು. ಮುಳುಗಿದ ಜಾಗದಲ್ಲಿ ಎಣ್ಣೆ ಚೆಲ್ಲಿದಂತೆ ನುಣುಪಾದ ವೃತ್ತವೊಂದು ತುಸು ಹೊತ್ತು ಉಳಿಯುತ್ತದೆ, ಬಾಲದ ಬಡಿತದ ಗುರುತು. ಮತ್ತೆ ಏಳಲು ಹತ್ತು ನಿಮಿಷದ ಸುಮಾರು ಬೇಕು. ಕೆಲವೊಮ್ಮೆ ನೀರಿನಲ್ಲಿ ಇಟ್ಟಿಗೆ ಬಣ್ಣದ ಮೋಡ ತೇಲುತ್ತಿರುತ್ತದೆ. ಗಾಯವಾಗಿದೆ ಎಂದು ಗಾಬರಿಬೀಳಬೇಡಿ. ಸಿಗಡಿ ತಿಂದದ್ದರ ಮಲ ಅದು. ಅಂದರೆ ಪ್ರಾಣಿ ಅಲ್ಲೇ ಉಣ್ಣುತ್ತಿದೆ ಎಂಬ ಒಳ್ಳೆಯ ಸುದ್ದಿ.

ಕುಂದು ಏನೆಂದರೆ ಜನ. ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ತಿಮಿಂಗಿಲದ ಸುತ್ತ ಏಳೆಂಟು ದೋಣಿ ಸೇರುವುದುಂಟು. ಒಂದು ದೋಣಿಯವನು ಕಂಡರೆ ಫೋನಿನಲ್ಲಿ ಎಲ್ಲರಿಗೂ ತಿಳಿಯುತ್ತದೆ, ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಹಾಗೆ ಅಟ್ಟಿದ ಪ್ರಾಣಿ ಬೇಗ ಮುಳುಗುತ್ತದೆ, ದೂರದಲ್ಲಿ ಏಳುತ್ತದೆ, ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಇದರ ಜೊತೆಗೆ ದೊಂಡ್ರಾದ ಎದುರಿನಲ್ಲೇ ಜಗತ್ತಿನ ಅತಿ ದಟ್ಟಣೆಯ ಹಡಗು ಮಾರ್ಗವೊಂದು ಹಾದುಹೋಗುತ್ತದೆ. ನೀಲಿ ತಿಮಿಂಗಿಲದ ಹಿಂದೆಯೇ ಕಂಟೇನರ್ ಹಡಗು ತೇಲುವ ನೋಟ ಇಲ್ಲಿ ಮಾಮೂಲು, ಹಡಗಿಗೆ ಸಿಕ್ಕಿ ಸಾಯುವುದೂ ಸುಳ್ಳಲ್ಲ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತಾನಾಗಿಯೇ ತನ್ನ ಹಡಗುಗಳನ್ನು ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿತು.

ಜನವರಿ ಎರಡನೆಯ ವಾರದ ನಂತರ, ವಾರದ ನಡುವಿನ ದಿನ ಹೋದರೆ ಗದ್ದಲ ಎಷ್ಟೋ ತಗ್ಗುತ್ತದೆ.

ಟ್ರಿಂಕೊಮಲಿ: ದೂರ, ಆದರೆ ಕಡಲು ನಿಮ್ಮದು

ತಮಿಳರ ತಿರುಕೋಣಮಲೈ. ಜಗತ್ತಿನ ಆಳದ ಸಹಜ ಬಂದರುಗಳಲ್ಲಿ ಒಂದು. ಬಂದರಿನ ಬಾಯಿಯಿಂದಲೇ ಕಡಲತಳದ ಕಮರಿಯೊಂದು ಆಳಕ್ಕೆ ಇಳಿಯುತ್ತದೆ. ಕಡಲಿಗೆ ಚಾಚಿದ ಬಂಡೆಯ ಮೇಲಿರುವ ಕೋಣೇಶ್ವರ ದೇವಸ್ಥಾನದ ಅಂಗಳದಿಂದಲೇ ಅದೃಷ್ಟವಿದ್ದವರಿಗೆ ತಿಮಿಂಗಿಲದ ಉಸಿರು ಕಂಡದ್ದಿದೆ. ದೋಣಿ ಆಗದ ಹಿರಿಯರು ಜೊತೆಗಿದ್ದರೆ ಒಂದು ದುರ್ಬೀನು ಕೊಟ್ಟು ಅಲ್ಲಿ ಕೂರಿಸಬಹುದು. ಕಾಣದಿದ್ದರೂ ದೇವರ ದರ್ಶನವಂತೂ ಆಯಿತು.

ತೊಂದರೆ ದೂರದ್ದು. ಕೊಲಂಬೊ ಕಡೆಯಿಂದ 260 ಕಿಲೋಮೀಟರ್‌ನಷ್ಟು, ಎಕ್ಸ್‌ಪ್ರೆಸ್ ಹೆದ್ದಾರಿ ಇಲ್ಲಿಯ ತನಕ ಬರುವುದಿಲ್ಲ, ಐದಾರು ಗಂಟೆ ಬೇಕೇ ಬೇಕು. ಇಳಿದ ದಿನವೇ ಇಲ್ಲಿಗೆ ಓಡಿಬಂದು ಮರುದಿನ ಆರಕ್ಕೆ ದೋಣಿ ಹತ್ತುವ ಯೋಜನೆ ಹಾಕಬೇಡಿ. ನಿದ್ದೆಗೆಟ್ಟವರಿಗೆ ಕಡಲ ವಾಕರಿಕೆ ಬೇಗ ಹತ್ತುತ್ತದೆ. ದಾರಿಯಲ್ಲಿ ದಂಬುಲ್ಲ ಅಥವಾ ಹಬರಣದಲ್ಲಿ ಒಂದು ರಾತ್ರಿ ತಂಗಿ ಸಿಗಿರಿಯ ನೋಡಿ ಬಂದರೆ ಪಯಣದ ದಣಿವೂ ಕಳೆಯುತ್ತದೆ, ದುಡ್ಡೂ ವಸೂಲಾಗುತ್ತದೆ. ಹಾಗಾಗಿ ಟ್ರಿಂಕೊಮಲಿ ಎಂದರೆ ಕನಿಷ್ಠ ಆರು ದಿನದ ಪ್ರವಾಸ.

ಉಪ್ಪುವೇಲಿ, ನಿಲಾವೇಲಿ ದಂಡೆಗಳಿಂದ ಹೊರಡುವವು ಹೆಚ್ಚಾಗಿ ಆರೆಂಟು ಜನ ಹಿಡಿಸುವ ಫೈಬರ್ ದೋಣಿಗಳು, ಹಿಂದೆ ಔಟ್‌ಬೋರ್ಡ್ ಎಂಜಿನ್. ನೀರಿನ ಮಟ್ಟದಲ್ಲೇ ಕೂತಿರುತ್ತೀರಿ, ಪ್ರಾಣಿ ಎದ್ದಾಗ ಅದರ ಉಸಿರಿನ ಸದ್ದು ಎದೆಗೆ ತಾಕುತ್ತದೆ. ಮಿರಿಸ್ಸದ ಮೇಲಂತಸ್ತಿನಲ್ಲಿ ಈ ಅನುಭವ ಇಲ್ಲ. ಬದಲಿಗೆ ನೆರಳು ಕಡಿಮೆ ಅಥವಾ ಇಲ್ಲವೇ ಇಲ್ಲ, ಶೌಚಾಲಯ ಇಲ್ಲ, ಅಲೆಗೆ ದೋಣಿ ಎದ್ದು ಬಿದ್ದಾಗ ಬೆನ್ನುಮೂಳೆಗೆ ಪೆಟ್ಟು. ಸೊಂಟನೋವಿನವರು, ಗರ್ಭಿಣಿಯರು ಹತ್ತಬಾರದು. ಐದು ವರ್ಷದೊಳಗಿನ ಮಕ್ಕಳಿಗೂ ಬೇಡ. ಬಾಡಿಗೆ ತಲೆಗಲ್ಲ, ಇಡೀ ದೋಣಿಗೆ ಮಾತಾಡುವುದು ಹೆಚ್ಚು. ಇಬ್ಬರೇ ಹೋದರೆ ಮಿರಿಸ್ಸಕ್ಕಿಂತ ದುಬಾರಿ, ಆರು ಜನ ಸೇರಿದರೆ ಅಗ್ಗ. ಹಿಂದಿನ ಸಂಜೆ ದಂಡೆಯಲ್ಲಿ ಕೇಳಿದರೆ ಜೊತೆಗಾರರು ಸಿಗುತ್ತಾರೆ.

ನೀಲಿ ತಿಮಿಂಗಿಲದ ಜೊತೆ ಇಲ್ಲಿ ಸ್ಪರ್ಮ್ ತಿಮಿಂಗಿಲಗಳೂ ಸಿಗುವ ಸಾಧ್ಯತೆ ಇದೆ. ಒಂದು ದಿನ ಏನೂ ಕಾಣದೇ ಹೋಗುವ ಸಂಭವ ಮಿರಿಸ್ಸಕ್ಕಿಂತ ಹೆಚ್ಚು, ಏಕೆಂದರೆ ಹುಡುಕುವ ದೋಣಿಗಳೇ ಕಡಿಮೆ. ಗದ್ದಲವಿಲ್ಲದ ಸುಖಕ್ಕೆ ತೆರುವ ಬೆಲೆ ಇದು. ಎರಡು ಬೆಳಗು ಕೈಯಲ್ಲಿಟ್ಟುಕೊಂಡು ಹೋಗಿ. ಮಿಕ್ಕ ಹೊತ್ತಿಗೆ ನಿಲಾವೇಲಿಯ ಎದುರಿನ ಪಿಜನ್ ಐಲ್ಯಾಂಡ್‌ನಲ್ಲಿ ಹವಳ, ಬಣ್ಣದ ಮೀನು ನೋಡಬಹುದು.

'ತಿಮಿಂಗಿಲದ ಜೊತೆ ಈಜಿಸುತ್ತೇವೆ' ಎಂದು ದಂಡೆಯಲ್ಲಿ ಕೆಲವರು ಕಿವಿಯಲ್ಲಿ ಹೇಳುತ್ತಾರೆ. ಸರ್ಕಾರದ ಅನುಮತಿಯಿಲ್ಲದೆ ಹಾಗೆ ನೀರಿಗಿಳಿಯುವಂತಿಲ್ಲ. ಕಾನೂನು ಅತ್ತಗಿರಲಿ, ದಡದಿಂದ ಹತ್ತಾರು ಕಿಲೋಮೀಟರ್ ಆಚೆ, ವೈದ್ಯರಿಲ್ಲದ ಪುಟ್ಟ ದೋಣಿಯಿಂದ ಜಿಗಿಯುವುದು ಬುದ್ಧಿವಂತಿಕೆಯಲ್ಲ.

ಕಲ್ಪಿಟಿಯ: ಡಾಲ್ಫಿನ್‌ಗೆ ಹೋಗಿ, ತಿಮಿಂಗಿಲ ಸಿಕ್ಕರೆ ಲಾಭ

ವಿಮಾನ ನಿಲ್ದಾಣದಿಂದ ಉತ್ತರಕ್ಕೆ, ಚಿಲಾವ್ ದಾಟಿ ಪುತ್ತಳಂ ದಿಕ್ಕಿಗೆ ಮೂರು ಮೂರೂವರೆ ಗಂಟೆ. ನೀಲಿ ತಿಮಿಂಗಿಲವೇ ಬೇಕೆಂದು ಹಟವಿದ್ದವರು ಇಲ್ಲಿಗೆ ಬರಬಾರದು. ಇಲ್ಲಿನ ಸಂಪತ್ತು ಸ್ಪಿನ್ನರ್ ಡಾಲ್ಫಿನ್. ಗಾಳಿಗೆ ಹಾರಿ ಬುಗುರಿಯಂತೆ ಸುತ್ತಿ ಬೀಳುವ ಇವು ನೂರಾರು, ಕೆಲವು ಸಲ ಸಾವಿರದ ಲೆಕ್ಕದಲ್ಲಿ ಒಟ್ಟಾಗಿ ಸಾಗುತ್ತವೆ. ಮಕ್ಕಳಿಗೆ, ನಿಜ ಹೇಳಬೇಕೆಂದರೆ, ದೂರದಲ್ಲಿ ಉರುಳುವ ಬೂದು ಬೆನ್ನಿಗಿಂತ ಇದೇ ಇಷ್ಟ. ಡಾಲ್ಫಿನ್ ಪ್ರವಾಸ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ, ದೋಣಿಯ ಖರ್ಚೂ ಕಡಿಮೆ. ಟ್ರಿಂಕೊಮಲಿಯಂತೆ ಇಲ್ಲೂ ಚಿಕ್ಕ ಫೈಬರ್ ದೋಣಿಯೇ.

ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಇನ್ನೂ ಆಚೆ, ತಳ ಕುಸಿಯುವ ಅಂಚಿಗೆ ಹೋದರೆ ಸ್ಪರ್ಮ್ ತಿಮಿಂಗಿಲಗಳ ಗುಂಪು ಸಿಗಬಹುದು. ನಮ್ಮ ಪತ್ರಿಕೆಗಳಲ್ಲಿ 'ತಿಮಿಂಗಿಲ ವಾಂತಿ ಮಾರಾಟ: ಬಂಧನ' ಎಂದು ಬರುತ್ತದಲ್ಲ, ಆ ಅಂಬರ್‌ಗ್ರಿಸ್ ಹುಟ್ಟುವುದು ಇದೇ ಪ್ರಾಣಿಯ ಕರುಳಿನಲ್ಲಿ. ಗುರುತಿಸುವುದು ಸುಲಭ: ಇದರ ಉಸಿರು ನೆಟ್ಟಗೆ ಏಳದೆ ಮುಂದಕ್ಕೆ, ಎಡಕ್ಕೆ ವಾಲಿ ಪೊದೆಯಂತೆ ಹರಡುತ್ತದೆ, ಏಕೆಂದರೆ ಮೂಗಿನ ರಂಧ್ರ ತಲೆಯ ತುದಿಯಲ್ಲಿ ಎಡಗಡೆಗಿದೆ. ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಕಾಯಿಸುವುದುಂಟು. ಹಾಗಾಗಿ ದೋಣಿ ಮಾತಾಡುವಾಗಲೇ 'ಡಾಲ್ಫಿನ್ ಪ್ರವಾಸವೋ, ಆಳದ ಅಂಚಿಗೆ ಹೋಗುವ ತಿಮಿಂಗಿಲ ಪ್ರವಾಸವೋ' ಎಂದು ಬಿಡಿಸಿ ಕೇಳಿ. ಎರಡಕ್ಕೂ ಹೊತ್ತು, ಇಂಧನ, ಬೆಲೆ ಬೇರೆ. ಇದನ್ನು ಕೇಳದೆ ಹತ್ತಿದವರೇ ಡಾಲ್ಫಿನ್ ನೋಡಿ ಒಂಬತ್ತಕ್ಕೆ ದಡ ಸೇರಿ ಜಗಳ ಕಾಯುವುದು. ಬಿಸಿಲೇರಿದಂತೆ ಗಾಳಿಯೂ ಏಳುವ ಊರು ಇದು, ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಿನಲ್ಲಿ ಸಾಗುವ ಕೈಟ್‌ಸರ್ಫಿಂಗ್‌ನವರು ಬರುವುದೇ ಅದಕ್ಕೆ. ಬೆಳಗಿನ ಮೊದಲ ದೋಣಿ ತಪ್ಪಿದರೆ ಆ ದಿನ ತಪ್ಪಿದಂತೆಯೇ.

ಯಾರು ಎಲ್ಲಿಗೆ

ಮೂರ್ನಾಲ್ಕು ದಿನದ ರಜೆ, ಡಿಸೆಂಬರ್-ಮಾರ್ಚ್, ಅಪ್ಪ-ಅಮ್ಮನೂ ಜೊತೆಗೆ: ಮಿರಿಸ್ಸ, ದೊಡ್ಡ ದೋಣಿ, ಕೆಳ ಅಂತಸ್ತು. ಅದೇ ತಿಂಗಳಲ್ಲಿ ಚಿಕ್ಕ ಮಕ್ಕಳಿದ್ದು, ಒಂದೇ ಸಮನೆ ನಾಲ್ಕೈದು ಗಂಟೆ ಕೂರಲಾರರು ಎಂದಾದರೂ ಮಿರಿಸ್ಸವೇ, ಏಕೆಂದರೆ ಕಲ್ಪಿಟಿಯದ ಚಿಕ್ಕ ಫೈಬರ್ ದೋಣಿ ಅವರಿಗಲ್ಲ. ಎಂಟು ಹತ್ತು ವರ್ಷದ ಮಕ್ಕಳಾದರೆ ಕಲ್ಪಿಟಿಯ, ಪಕ್ಕದ ವಿಲ್ಪತ್ತು ಕಾಡಿನ ಸಫಾರಿಯೂ ಸೇರಿಸಬಹುದು. ಛಾಯಾಗ್ರಾಹಕರಿಗೆ, ಗದ್ದಲ ಆಗದವರಿಗೆ, ಆರು ಜನರ ಗೆಳೆಯರ ಗುಂಪಿಗೆ ಟ್ರಿಂಕೊಮಲಿ. ಮೇ ತಿಂಗಳ ರಜೆಯೊಂದೇ ಸಿಗುವ ಮೇಷ್ಟ್ರುಗಳಿಗೂ ಅದೇ ಗತಿ, ಅದು ಒಳ್ಳೆಯ ಗತಿಯೇ. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಮಾಡಿಕೊಳ್ಳುವವರು ಎಲ್ಲಿಗೆ ಹೋದರೂ ಫೆಬ್ರವರಿ-ಮಾರ್ಚ್‌ನ ಮಿರಿಸ್ಸ ಬಿಟ್ಟು ಬೇರೆ ಯೋಚಿಸಬೇಡಿ.

ಕೆಡುವುದು ಎಲ್ಲಿ

ಹಣ ಕೊಡುವ ಮುಂಚೆ ಗಾಳಿ ನೋಡಿ. ವಿಂಡಿಯಂಥ ಆ್ಯಪ್‌ನಲ್ಲಿ ಬೆಳಿಗ್ಗೆ ಆರರಿಂದ ಹನ್ನೊಂದರ ಗಾಳಿ 10 ನಾಟ್‌ಗಿಂತ (ಗಂಟೆಗೆ ಸುಮಾರು 18 ಕಿಲೋಮೀಟರ್) ಕೆಳಗಿದ್ದರೆ ಒಳ್ಳೆಯದು. 15 ದಾಟಿದರೆ ಕಡಲ ತುಂಬ ಬಿಳಿ ನೊರೆ ಏಳುತ್ತದೆ. ದೋಣಿ ಕುಣಿಯುವುದಷ್ಟೇ ಅಲ್ಲ, ನೊರೆಯ ನಡುವೆ ತಿಮಿಂಗಿಲದ ಉಸಿರು ಗುರುತು ಹಿಡಿಯುವುದೂ ಕಷ್ಟ.

ವಾಕರಿಕೆಗೆ ಮಾತ್ರೆ ದೋಣಿಯಲ್ಲಿ ತಲೆಸುತ್ತು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಹೊರಡುವ ಒಂದೆರಡು ಗಂಟೆ ಮೊದಲೇ ಹೊಟ್ಟೆ ಸೇರಿರಬೇಕು. ಅವೊಮಿನ್‌ನಂಥ ಮಾತ್ರೆ ನಮ್ಮ ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ನಿದ್ದೆ ಬರಿಸುತ್ತದೆ. ಮಕ್ಕಳಿಗೆ, ಬೇರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳಿಯೇ ಕೊಡಿ. ಖಾಲಿ ಹೊಟ್ಟೆಯೂ ಬೇಡ, ಹಾಲು ಹಾಕಿದ ಟೀ, ಎಣ್ಣೆ ತಿಂಡಿಯೂ ಬೇಡ. ಒಂದೆರಡು ಬಾಳೆಹಣ್ಣು, ಒಣ ಬ್ರೆಡ್ ಸಾಕು. ಮೇಲಂತಸ್ತು ನೋಟಕ್ಕೆ ಚೆನ್ನ, ಆದರೆ ತೊಟ್ಟಿಲಿನಂತೆ ತೂಗುವುದು ಅಲ್ಲೇ ಜಾಸ್ತಿ. ಹಿಂಭಾಗದಲ್ಲಿ ಡೀಸೆಲ್ ಹೊಗೆ. ಕೆಳಗೆ, ದೋಣಿಯ ನಡುಭಾಗದಲ್ಲಿ ಕೂತು ದಿಗಂತ ನೋಡಿ. ಮೊಬೈಲ್ ಪರದೆ ನೋಡಿದರೋ, ಕೆಟ್ಟಿರಿ.

ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳದಿದ್ದರೆ ದೋಣಿಯ ತಿಂಡಿಯೆಂದು ಮೊಟ್ಟೆಯ ಸ್ಯಾಂಡ್‌ವಿಚ್ ಕೈಗೆ ಬರುತ್ತದೆ. ದಡಕ್ಕೆ ಬಂದ ಮೇಲೆ ಚಿಂತೆಯಿಲ್ಲ, ನಮ್ಮ ಒತ್ತು ಶ್ಯಾವಿಗೆಯ ತಮ್ಮನಂಥ ಇಂದಿಯಪ್ಪ, ಬೇಳೆ ಸಾರು ಎಲ್ಲೆಡೆ ಸಿಗುತ್ತದೆ. ಯುಪಿಐ 2024ರ ಫೆಬ್ರವರಿಯಿಂದ ಶ್ರೀಲಂಕಾದಲ್ಲೂ ಇದೆ ಎಂದು ನೆಚ್ಚಿಕೊಂಡು ಬಂದರಿಗೆ ಹೋಗಬೇಡಿ, ದೋಣಿಯವರಿಗೆ ನಗದೇ ಬೇಕು.

ದುರ್ಬೀನು 7x50 ಅಥವಾ 8x42 ಸಾಕು. 10 ಪಟ್ಟಿನದು ದೋಣಿಯಲ್ಲಿ ನಡುಗಿ ಏನೂ ಕಾಣದು. ಕ್ಯಾಮೆರಾಗೆ 300 ಮಿಲಿಮೀಟರ್ ತನಕದ ಝೂಮ್, ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಇನ್ನೂ ಚುರುಕು. ಟೋಪಿಗೆ ಗದ್ದಕ್ಕೆ ಕಟ್ಟುವ ದಾರ ಇರಲಿ.

ದೋಣಿ ಆರಿಸುವಾಗ ಕೇಳಬೇಕಾದ ಪ್ರಶ್ನೆ 'ಎಷ್ಟು ಹತ್ತಿರ ಹೋಗುತ್ತೀರಿ' ಎಂಬುದು. ಶ್ರೀಲಂಕಾದ 2012ರ ನಿಯಮದಂತೆ 100 ಮೀಟರಿಗಿಂತ ಹತ್ತಿರ ದೋಣಿ ಒಯ್ಯುವಂತಿಲ್ಲ. 'ಮುಟ್ಟುವಷ್ಟು ಹತ್ತಿರ' ಎಂದು ಹಿಗ್ಗಿನಿಂದ ಹೇಳುವವನನ್ನು ಬಿಡಿ. 100 ಮೀಟರಿನಲ್ಲಿ ಎಂಜಿನ್ ತಗ್ಗಿಸಿ, ಪಕ್ಕದಿಂದ ಸಮಾನಾಂತರವಾಗಿ ಸಾಗಿ ಕಾಯುತ್ತೇನೆ ಎನ್ನುವ ತಾಂಡೇಲನ, ಅಂದರೆ ದೋಣಿ ನಡೆಸುವವನ, ದೋಣಿಯಲ್ಲೇ ಕೊನೆಗೆ ಚೆನ್ನಾಗಿ ಕಾಣುವುದು, ಏಕೆಂದರೆ ಬೆದರದ ತಿಮಿಂಗಿಲ ಮತ್ತೆ ಅಲ್ಲೇ ಏಳುತ್ತದೆ. ಇನಾಮಿನ ಆಸೆಗೆ ಅವನು ಅಟ್ಟದಿರಲಿ ಎಂದರೆ ಹೊರಡುವಾಗಲೇ 'ನಮಗೆ ಹತ್ತಿರ ಬೇಡ, ಹೊತ್ತು ಬೇಕು' ಎಂದುಬಿಡಿ. ಜೀವರಕ್ಷಕ ಜಾಕೆಟ್ ಮಕ್ಕಳ ಅಳತೆಯದು ಇದೆಯೇ ಎಂದು ಕಣ್ಣಾರೆ ನೋಡಿ ಹಣ ಕೊಡಿ. ಆಟೊದವರ, ಲಾಡ್ಜಿನವರ ಮೂಲಕ ಕಾಯ್ದಿರಿಸಿದರೆ ಅವರ ಕಮಿಷನ್ನೂ ನಿಮ್ಮ ಟಿಕೆಟ್ಟಿನಲ್ಲೇ ಸೇರಿರುತ್ತದೆ.

ಮಿರಿಸ್ಸದಲ್ಲಿ ಹಲವರು 'ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಸಲ ಉಚಿತ' ಎನ್ನುತ್ತಾರೆ. ಮಾತು ಸುಳ್ಳಲ್ಲ, ಹಣ ವಾಪಸಲ್ಲ ಅಷ್ಟೇ. ಡಾಲ್ಫಿನ್ ಕಂಡರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೋ ಎಂದು ಮೊದಲೇ ಕೇಳಿ. ಮತ್ತೆ ಆ ಉಚಿತ ದೋಣಿ ಮರುದಿನ ಬೆಳಿಗ್ಗೆಯದು. ಮೊದಲ ಪ್ರವಾಸವನ್ನು ಊರು ತಲುಪಿದ ಮರುದಿನಕ್ಕೇ ಇಟ್ಟುಕೊಂಡು, ಬೆಂಗಳೂರಿನ ವಿಮಾನವನ್ನು ಅದರಾಚೆಗಿನ ದಿನದ ಸಂಜೆಗೆ ಕಾಯ್ದಿರಿಸಿದವರಿಗೆ ಮಾತ್ರ ಅದು ದಕ್ಕುತ್ತದೆ.